ಪೊನ್, ಹೊನ್ನು, ಒನ್ನು: ಯಾವ ಉಚ್ಚಾರ ಸರಿ?

ಚಿನ್ನವೆಂಬ ಅರ್ಥದ ಹಳಗನ್ನಡ ಪದ ‘ಪೊನ್’. ನಡುಗನ್ನಡದಲ್ಲಿ ಅದು ‘ಹೊನ್ನು’ ಆಯಿತು. ಹಳೆಯ ಮೈಸೂರಿನ ಹಳ್ಳಿಗಳ ಆಡುಮಾತಿನಲ್ಲಿ ಹಕಾರವೂ ಬಿದ್ದುಹೋಗಿ ‘ಒನ್ನು’ ಎನಿಸಿದೆ. ತರಗತಿಗಳಲ್ಲಿ ಈ ಮೂರರ ಬಗೆಗೂ ಒಂದು ವಿಚಿತ್ರ ಧೋರಣೆ ಬೆಳೆದಿದೆ. ‘ಒನ್ನು’ ಎಂದ ವಿದ್ಯಾರ್ಥಿ ನಗೆಗೀಡಾಗುತ್ತಾನೆ. ಕಾವ್ಯದ ‘ಪೊನ್’ ಅನ್ನು ‘ಹೊನ್ನು’ ಎಂದು ಓದಿದವನನ್ನು ಯಾರೂ ತಿದ್ದುವುದಿಲ್ಲ. ಇವೆರಡರಲ್ಲಿ ನಿಜವಾದ ದೋಷ ಎರಡನೆಯದೇ.

ಪಕಾರವು ಹಕಾರವಾದುದು ಈ ಒಂದು ಪದದ ಕಥೆಯಲ್ಲ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೆಣ್ ಹೆಣ್ಣಾಯಿತು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ಬದಲಾವಣೆಗೆ ವ್ಯಾಕರಣದ ಮನ್ನಣೆಯನ್ನೇ ನೀಡಿದ್ದಾನೆ. ತಮಿಳು ‘ಪೊನ್’ ಅನ್ನು ಇಂದಿಗೂ ಉಳಿಸಿಕೊಂಡಿದೆ. ಕನ್ನಡದ ಹಕಾರವಾದರೋ ನಾಣ್ಯದೊಡನೆ ಗಡಿಯನ್ನೂ ದಾಟಿ, ಮರಾಠಿಯಲ್ಲಿ ‘ಹೋನ್’ ಎಂದು ನೆಲೆನಿಂತಿತು. ಪಕಾರವನ್ನು ಹಕಾರವಾಗಿಸಿದ ನಾಲಗೆಯೇ ಮುಂದೆ ಹಕಾರವನ್ನೂ ಸವೆಸಿತು. ಮೊದಲ ಹೆಜ್ಜೆಯನ್ನು ‘ಬೆಳವಣಿಗೆ’ಯೆಂದೂ ಎರಡನೆಯದನ್ನು ‘ಅಶುದ್ಧಿ’ಯೆಂದೂ ಕರೆಯುವುದಕ್ಕೆ ಭಾಷಾಶಾಸ್ತ್ರದಲ್ಲಿ ಆಧಾರವಿಲ್ಲ. ಬರೆಹದ ಕನ್ನಡವು ಹಕಾರವನ್ನು ಉಳಿಸಿಕೊಂಡಿದೆ. ಆದುದರಿಂದ ಬರೆವಣಿಗೆಯಲ್ಲಿ, ಸಭೆಯಲ್ಲಿ ‘ಹೊನ್ನು’ ಎಂಬುದೇ ಶಿಷ್ಟರೂಪ. ಅಷ್ಟನ್ನು ಕಲಿಸಿದರೆ ಸಾಕು, ಹೀಯಾಳಿಸಬೇಕಿಲ್ಲ.

ಕಾವ್ಯವಾಚನದ ಮಾತು ಬೇರೆ. ‘ಪೊನ್’ ವ್ಯಂಜನಾಂತ ಪದ. ಮುಂದೆ ವ್ಯಂಜನ ಬಂದಾಗ ಅದು ಒಂದೇ ಗುರು, ಎರಡು ಮಾತ್ರೆ. ‘ಹೊನ್ನು’ ಎಂದೊಡನೆ ಗುರುವಿನ ಹಿಂದೆ ಲಘುವೊಂದು ಸೇರಿ ಮೂರು ಮಾತ್ರೆಗಳಾಗುತ್ತವೆ. ಕಂದಪದ್ಯದ ಗಣ ಅಲ್ಲಿಯೇ ಮುರಿಯುತ್ತದೆ. ಅರ್ಥ ಕೆಡದಿದ್ದರೂ ಪದ್ಯ ಕೆಡುತ್ತದೆ. ಛಂದಸ್ಸನ್ನು ಕಿವಿಯಿಂದ ಕಲಿಯಬೇಕಾದ ವಿದ್ಯಾರ್ಥಿಗೆ ಆ ಕಿವಿಯೇ ಇಲ್ಲವಾಗುತ್ತದೆ. ಮುಂದೆ ಹಸ್ತಪ್ರತಿಯ ಪಾಠದೋಷವನ್ನು ಗುರುತಿಸುವ ಶಕ್ತಿಯೂ ಕುಂದುತ್ತದೆ.

‘ಶಾಂತಿಪುರಾಣ’ದ ಕವಿಯನ್ನು ಯಾರೂ ‘ಹೊನ್ನ’ ಎನ್ನುವುದಿಲ್ಲ. ಪಂಪ, ರನ್ನರ ನಡುವೆ ಆತ ಪೊನ್ನನಾಗಿಯೇ ನಿಂತಿದ್ದಾನೆ. ಕವಿಯ ಹೆಸರಿಗೆ ಸಲ್ಲುವ ಗೌರವ ಅವನ ಕಾಲದ ಕಾವ್ಯದ ಪದಕ್ಕೂ ಸಲ್ಲಬೇಕು. ಕಾವ್ಯದಲ್ಲಿ ಪೊನ್, ಬರೆಹದಲ್ಲಿ ಹೊನ್ನು, ಮನೆಮಾತಿನಲ್ಲಿ ಒನ್ನು: ಮೂರೂ ಒಂದೇ ಲೋಹದ ಮೂರು ಕಾಲದ ಮುದ್ರೆಗಳು. ಯಾವ ಮುದ್ರೆ ಎಲ್ಲಿ ಚಲಾವಣೆಯೆಂಬುದನ್ನು ತಿಳಿಸುವುದೇ ಅಧ್ಯಾಪಕನ ಕೆಲಸ.