ಐದನೇ ನಂಬರಿನಲ್ಲಿ ಯಾರಿದ್ದಾರೆ?

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ. ತಾತಂದಿರು ತಪ್ಪು ಮಾಡುವುದಿಲ್ಲ ಎಂದು ನೀವು ಅಂದುಕೊಂಡಿದ್ದರೆ, ಪಕ್ಕದಲ್ಲಿ ಕೂತಿರುವ ಅಜ್ಜಿಯನ್ನು ಒಂದು ಮಾತು ಕೇಳಿ ನೋಡಿ. ಅವರೇ ಹೇಳುತ್ತಾರೆ.

ನಮ್ಮದು ಕಲ್ಮಲ. ರಾಯಚೂರಿನಿಂದ ಮಾನ್ವಿ ಕಡೆಗೆ ಹೊರಟರೆ ದಾರಿಯಲ್ಲೇ ಸಿಗುವ ಊರು. ಮನೆಯಲ್ಲಿ ಎರಡು ಕಂಪ್ಯೂಟರುಗಳಿವೆ. ಪಡಸಾಲೆಯಲ್ಲಿ ಮಗನ ಹಳೆಯ ಡೆಸ್ಕ್‌ಟಾಪ್, ಒಳಗೆ ಶಾಲೆಯಲ್ಲಿ ಪಾಠ ಹೇಳುವ ಸೊಸೆಯ ಲ್ಯಾಪ್‌ಟಾಪ್. ಎರಡಕ್ಕೂ ಸೇರಿ ಒಂದೇ ಪ್ರಿಂಟರ್. ವೈಫೈ ಇರುವುದರಿಂದ ಅದಕ್ಕೆ ತಂತಿ ಬೇಡ. ಯಾವ ಕಂಪ್ಯೂಟರಿನಿಂದ ಹೇಳಿದರೂ ಹಾಳೆ ಹೊರಗೆ ಬರುತ್ತದೆ. ಕಳೆದ ವರ್ಷ ಅದನ್ನು ಜೋಡಿಸಿದವನು ನಾನೇ. ಜೋಡಿಸಿದ ದಿನ ಅದರ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಪ್ರಿಂಟರಿನ ನೆತ್ತಿಗೆ ಅಂಟಿಸಿದ್ದೆ. ಆ ಚೀಟಿಯನ್ನು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಮತ್ತೆ ಬರುತ್ತದೆ.

ಮೊಮ್ಮಗಳು ಐದನೇ ತರಗತಿ. ಮರುದಿನ ಬೆಳಿಗ್ಗೆ ಅವಳಿಗೆ ನವೋದಯ ಶಾಲೆಯ ಪ್ರವೇಶ ಪರೀಕ್ಷೆ. ಹಾಲ್ ಟಿಕೆಟ್ ಲ್ಯಾಪ್‌ಟಾಪಿನಲ್ಲಿ ಇಳಿದು ಕೂತಿದೆ, ಕಾಗದಕ್ಕೆ ಬರಬೇಕು ಅಷ್ಟೇ. ರಾತ್ರಿ ಎಂಟು ಗಂಟೆ. ಕ್ರಾಸಿನ ಝೆರಾಕ್ಸ್ ಅಂಗಡಿ ಬಾಗಿಲು ಹಾಕಿಯಾಗಿತ್ತು.

“ತಾತ, ಪ್ರಿಂಟರ್ ಆಫ್‌ಲೈನ್ ಅಂತ ಬರಾಕತ್ಯಾದ” ಎಂದಳು ಮೊಮ್ಮಗಳು. ಆಫ್‌ಲೈನ್ ಎಂದರೆ ‘ಕರೆದರೂ ಓಗೊಡುತ್ತಿಲ್ಲ’ ಎಂದು ಅರ್ಥ. ಎದುರಿಗೆ ನೋಡಿದರೆ ಪ್ರಿಂಟರ್ ಹಸಿರು ದೀಪ ಹಚ್ಚಿಕೊಂಡು ಆರಾಮಾಗಿ ಕೂತಿದೆ!

ಅವಳ ಅಣ್ಣ ಒಂಬತ್ತನೇ ತರಗತಿ. ಆ ದಿನ ಮಧ್ಯಾಹ್ನ ಅವನು ಲ್ಯಾಪ್‌ಟಾಪಿಗೆ ಒಂದು ಆಟ ಇಳಿಸಿಕೊಂಡಿದ್ದ. ನನಗೆ ಅಷ್ಟೇ ಸಾಕಾಯಿತು. “ನೀನ ಏನೋ ಒತ್ತೀದಿ, ಅದಕ್ಕ ಕೆಟ್ಟದ” ಎಂದು ಗದರಿದೆ.

“ನಾ ಏನೂ ಮಾಡಿಲ್ಲ ತಾತ” ಎಂದು ಅವನು ಮುಖ ಸಣ್ಣದು ಮಾಡಿದ. ಆದರೂ ಸುಮ್ಮನಿರಲಿಲ್ಲ. ಶಾಲೆಯಲ್ಲಿ ಕಲಿತಿದ್ದ ಒಂದು ಪರೀಕ್ಷೆ ಮಾಡಿದ. ಕಂಪ್ಯೂಟರಿನ ಕಪ್ಪು ಕಿಟಕಿ ತೆರೆದು ‘ಪಿಂಗ್’ ಎಂಬ ಆಜ್ಞೆ ಬರೆದ, ಮುಂದೆ ಚೀಟಿಯಲ್ಲಿದ್ದ ನಂಬರು ಹಾಕಿದ. ಪಿಂಗ್ ಎಂದರೆ ಆ ನಂಬರಿನ ಬಾಗಿಲು ಬಡಿದು ‘ಇದ್ದೀರಾ?’ ಎಂದು ಕೇಳುವುದು. ತಕ್ಷಣ ‘ಇದ್ದೇನೆ’ ಎಂದು ಉತ್ತರ ಬಂತು.

“ನೋಡು, ಪ್ರಿಂಟರ್ ಮಾತಾಡಾಕತ್ಯಾದ. ಕೆಟ್ಟದ್ದು ಲ್ಯಾಪ್‌ಟಾಪ” ಎಂದು ನಾನು ತೀರ್ಪು ಕೊಟ್ಟೆ. ಲ್ಯಾಪ್‌ಟಾಪಿನಿಂದ ಪ್ರಿಂಟರಿನ ಹೆಸರು ಅಳಿಸಿದೆ, ಮತ್ತೆ ಸೇರಿಸಿದೆ. ಚೀಟಿ ನೋಡಿ ನಂಬರು ಬರೆದೆ. ಬರಲಿಲ್ಲ. ಇನ್ನೊಮ್ಮೆ ಅಳಿಸಿದೆ, ಇನ್ನೊಮ್ಮೆ ಸೇರಿಸಿದೆ. ಒಂದು ತಾಸು ಕಳೆಯಿತು. ಮೊಮ್ಮಗಳ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆಗ ಸೊಸೆ ಅಡುಗೆ ಮನೆಯಿಂದ ಬಂದಳು. “ಮಾವಾರ, ಮೊದ್ಲು ಹುಡುಗಿ ಕೆಲ್ಸ ಆಗ್ಲಿ. ಆಮ್ಯಾಲ ನಿಮ್ಮ ರಿಪೇರಿ” ಎಂದಳು. ಪ್ರಿಂಟರಿನ ಡಬ್ಬಿಯ ತಳದಲ್ಲಿ ಬಿಚ್ಚದೆ ಇಟ್ಟಿದ್ದ ಯುಎಸ್‌ಬಿ ತಂತಿ ತೆಗೆದು ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ತುದಿ ಪ್ರಿಂಟರಿಗೆ ಹಾಕಿದಳು. ಎರಡು ನಿಮಿಷದಲ್ಲಿ ಹಾಲ್ ಟಿಕೆಟ್ ಹೊರಬಂತು. ಮೊಮ್ಮಗಳು ಅದನ್ನು ಪೆನ್ನು, ಪ್ಯಾಡಿನ ಜೊತೆ ಇಟ್ಟು ಮಲಗಿದಳು.

ಮೊಮ್ಮಗ ಮಲಗಲಿಲ್ಲ. ತಾನು ಕೆಡಿಸಿಲ್ಲ ಎಂದು ತೋರಿಸುವುದು ಅವನಿಗೆ ಬೇಕಿತ್ತು.

“ತಾತ, ತಂತಿ ಹಾಕಿದ್ರ ಬಂತು. ಅಂದ್ರ ಪ್ರಿಂಟರ್ ಛಲೋ ಅದ, ಲ್ಯಾಪ್‌ಟಾಪೂ ಛಲೋ ಅದ. ನಡುವಿನ ದಾರಿನ ತಪ್ಪ್ಯಾದ” ಎಂದ. ಆಮೇಲೆ ಎದ್ದು ಹೋಗಿ ಪಡಸಾಲೆಯ ಡೆಸ್ಕ್‌ಟಾಪಿನಿಂದ ಒಂದು ಹಾಳೆ ಕಳಿಸಿದ. ಅಲ್ಲೂ ಅದೇ ಆಫ್‌ಲೈನ್! ಅವನ ಆಟ ಇದ್ದದ್ದು ಲ್ಯಾಪ್‌ಟಾಪಿನಲ್ಲಿ. ಡೆಸ್ಕ್‌ಟಾಪನ್ನು ಆ ದಿನ ಯಾರೂ ಮುಟ್ಟಿರಲಿಲ್ಲ. ಎರಡರಲ್ಲೂ ಒಂದೇ ತೊಂದರೆ ಇದ್ದರೆ ತಪ್ಪು ಎರಡರ ಹೊರಗೆ ಇರಬೇಕಲ್ಲವೇ? ಎಂಟು ಗಂಟೆಗೇ ನಾನು ಮಾಡಬೇಕಿದ್ದ ಪರೀಕ್ಷೆ ಇದು. ಮಾಡಿದ್ದರೆ ಹುಡುಗನನ್ನು ಗದರುತ್ತಿರಲಿಲ್ಲ.

ಇನ್ನು ಪ್ರಿಂಟರನ್ನೇ ಕೇಳೋಣ ಎಂದುಕೊಂಡೆವು. ಕಂಪ್ಯೂಟರಿನ ಹಂಗಿಲ್ಲದೆ ತನ್ನ ವಿವರವನ್ನು ತಾನೇ ಅಚ್ಚು ಹಾಕಿ ಕೊಡುವ ವ್ಯವಸ್ಥೆ ಹೆಚ್ಚಿನ ವೈಫೈ ಪ್ರಿಂಟರುಗಳಲ್ಲಿ ಇರುತ್ತದೆ. ಕೆಲವದರಲ್ಲಿ ಒಂದು ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು, ಕೆಲವದರಲ್ಲಿ ಪುಟ್ಟ ಪರದೆಯ ಪಟ್ಟಿಯಲ್ಲಿ ಹುಡುಕಬೇಕು. ಹಾಳೆ ಬಂತು. ಮೊಮ್ಮಗ ಅದನ್ನೂ ಚೀಟಿಯನ್ನೂ ಪಕ್ಕದಲ್ಲಿ ಇಟ್ಟ. ಚೀಟಿಯಲ್ಲಿ 192.168.1.5. ಹಾಳೆಯಲ್ಲಿ 192.168.1.8!

ಪ್ರಿಂಟರ್ ಎಂಟರಲ್ಲಿದ್ದರೆ ಐದರ ಬಾಗಿಲು ಬಡಿದಾಗ ‘ಇದ್ದೇನೆ’ ಎಂದವರು ಯಾರು?

ಇದನ್ನು ತಿಳಿಯಲು ಮನಸ್ಸಿನಲ್ಲೇ ಮಂತ್ರಾಲಯಕ್ಕೆ ಹೋಗಿ ಬರೋಣ. ಅಲ್ಲಿ ಉಳಿಯುವವರು ರೂಮ್ ಹಿಡಿಯುತ್ತಾರೆ. ಖಾಲಿ ಇರುವ ರೂಮಿನ ನಂಬರನ್ನು ಪುಸ್ತಕದಲ್ಲಿ ಬರೆದುಕೊಂಡು ಬೀಗದ ಕೈ ಕೊಡುತ್ತಾರೆ. ಹೋದ ವರ್ಷ ನಿಮಗೆ ಐದನೇ ರೂಮ್ ಸಿಕ್ಕಿತ್ತು ಎನ್ನಿ. ಈ ವರ್ಷ ಎಂಟು ಸಿಗಬಹುದು. ಅದು ತಿಳಿಯದ ನಿಮ್ಮ ಸೋದರಮಾವ ಹಳೆಯ ನೆನಪಿನಲ್ಲಿ ಬುತ್ತಿ ಹಿಡಿದು ಐದನೇ ರೂಮಿನ ಬಾಗಿಲು ಬಡಿದರೆ ಒಳಗಿನಿಂದ ‘ಇದ್ದೀವಿ’ ಎಂದು ದನಿ ಬರುತ್ತದೆ. ಆದರೆ ಬಾಗಿಲು ತೆರೆಯುವವರು ಬೇರೆ ಊರಿನ ಸಂಸಾರ!

ಮನೆಯಲ್ಲಿ ರೂಮ್ ಕೊಡುವ ಕೆಲಸ ರೌಟರಿನದು, ಅಂದರೆ ವೈಫೈ ಹರಡುವ ಪೆಟ್ಟಿಗೆಯದು. ಮೊಬೈಲ್, ಟಿವಿ, ಲ್ಯಾಪ್‌ಟಾಪ್, ಪ್ರಿಂಟರ್ ಯಾವುದೇ ಬಂದರೂ ಅದಕ್ಕೊಂದು ನಂಬರು ಕೊಡುತ್ತದೆ. ಈ ನಂಬರಿಗೆ ಐಪಿ ವಿಳಾಸ ಎಂದು ಹೆಸರು. 192.168 ಎಂದು ಶುರುವಾಗುವ ವಿಳಾಸಗಳನ್ನು ಮನೆ, ಕಚೇರಿಗಳ ಒಳಬಳಕೆಗೆಂದೇ ಮೀಸಲಿಟ್ಟಿದ್ದಾರೆ. ಕಲ್ಮಲದಲ್ಲೂ 192.168.1.5 ಇರಬಹುದು, ಅಮೆರಿಕದಲ್ಲಿರುವ ನಿಮ್ಮ ಚಿಕ್ಕಪ್ಪನ ಮನೆಯಲ್ಲೂ ಇರಬಹುದು. ಪ್ರತಿ ವಸತಿಗೃಹದಲ್ಲೂ ಐದನೇ ರೂಮ್ ಇದ್ದ ಹಾಗೆ, ಒಂದಕ್ಕೊಂದು ತಂಟೆಯಿಲ್ಲ. ಆದರೆ ಈ ನಂಬರು ಸ್ವಂತದ್ದಲ್ಲ, ಬಾಡಿಗೆಯದು. ಅವಧಿ ಮುಗಿದರೆ ಬದಲಾಗಬಹುದು. ಕರೆಂಟ್ ಹೋಗಿ ಬಂದರೆ ಎಷ್ಟೋ ರೌಟರುಗಳು ತಮ್ಮ ಪುಸ್ತಕವನ್ನೇ ಮರೆತು ಮೊದಲಿನಿಂದ ಬರೆಯಲು ಶುರು ಮಾಡುತ್ತವೆ.

ನಮ್ಮಲ್ಲಿ ಆದದ್ದೂ ಅದೇ. ಹಿಂದಿನ ರಾತ್ರಿ ಕರೆಂಟ್ ಹೋಗಿತ್ತು. ಬೆಳಿಗ್ಗೆ ಬಂದಾಗ ರೌಟರ್ ಎದ್ದಿತು, ಆದರೆ ಪ್ರಿಂಟರಿನ ಸ್ವಿಚ್ ಆರಿಸಿತ್ತು. ಅಷ್ಟರಲ್ಲಿ ಬಳ್ಳಾರಿಯಿಂದ ಅಳಿಯಂದಿರು ಬಂದರು. ಅವರ ಮೊಬೈಲು ನಮ್ಮ ವೈಫೈಗೆ ಸೇರಿತು, ಖಾಲಿ ಇದ್ದ ಐದನೇ ನಂಬರು ಅದಕ್ಕೆ ಹೋಯಿತು. ಸಂಜೆ ಪ್ರಿಂಟರ್ ಹಚ್ಚಿದಾಗ ಅದಕ್ಕೆ ಸಿಕ್ಕಿದ್ದು ಎಂಟು. ರೌಟರಿನ ಪುಟ ತೆರೆದು ಪಟ್ಟಿ ನೋಡಿದಾಗ ಇದೆಲ್ಲ ತಿಳಿಯಿತು. ಮೊಮ್ಮಗಳ ಹಾಲ್ ಟಿಕೆಟನ್ನು ನಾನು ಒಂದು ತಾಸಿನಿಂದ ಅಳಿಯಂದಿರ ಮೊಬೈಲಿಗೆ ಕಳಿಸುತ್ತಿದ್ದೆ! ಅದು ಮಂಚದ ಮೇಲೆ ಚಾರ್ಜಿಗೆ ಬಿದ್ದಿತ್ತು, ಬಾಗಿಲು ಬಡಿದಾಗಲೆಲ್ಲ ‘ಇದ್ದೇನೆ’ ಎನ್ನುತ್ತಿತ್ತು. ಅಚ್ಚು ಹಾಕು ಎಂದರೆ ಪಾಪ, ಅದು ಏನು ಮಾಡೀತು?

ಒಬ್ಬರಿಗೆ ಎರಡು ಗುರುತು ಇದ್ದಾಗ ಎರಡನ್ನೂ ಒಟ್ಟಿಗೆ ಬರೆದಿರುವ ಸಾಕ್ಷಿ ಬೇಕಾಗುತ್ತದೆ. ನಮ್ಮ ಜಿಲ್ಲೆಯ ಮಸ್ಕಿಯ ಬಂಡೆಗಲ್ಲು ನೆನಪಿದೆಯೇ? ಆಗ ತಿಳಿದಿದ್ದ ಬೇರೆ ಶಾಸನಗಳಲ್ಲಿ ದೊರೆಯನ್ನು ‘ದೇವಾನಾಂಪ್ರಿಯ’ ಎಂದು ಬಿರುದಿನಿಂದ ಕರೆದಿತ್ತೇ ಹೊರತು ‘ಅಶೋಕ’ ಎಂಬ ಹೆಸರು ಇರಲಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಕಂಡ ಮಸ್ಕಿಯ ಶಾಸನದಲ್ಲಿ ಬಿರುದೂ ಹೆಸರೂ ಒಟ್ಟಿಗೆ ಇದ್ದವು. ಇಬ್ಬರೂ ಒಬ್ಬರೇ ಎಂಬುದು ಗಟ್ಟಿಯಾಯಿತು. ಪ್ರಿಂಟರ್ ಕೊಟ್ಟ ಹಾಳೆ ಆ ರಾತ್ರಿ ನಮ್ಮ ಪಾಲಿನ ಪುಟ್ಟ ಮಸ್ಕಿ ಶಾಸನ. ಅದರಲ್ಲಿ ಪ್ರಿಂಟರಿನ ಹೆಸರೂ ಈಗಿನ ನಂಬರೂ ಒಟ್ಟಿಗೆ ಇದ್ದವು.

ರಿಪೇರಿ ಐದೇ ನಿಮಿಷದ್ದು. ಎರಡೂ ಕಂಪ್ಯೂಟರುಗಳಲ್ಲಿ ಪ್ರಿಂಟರಿನ ‘ಪೋರ್ಟ್’ ಎಂಬಲ್ಲಿ ಐದನ್ನು ಅಳಿಸಿ ಎಂಟು ಬರೆದೆವು. ಹಾಳೆ ಬಂತು. ಆದರೆ ನಾಳೆ ಮತ್ತೆ ಕರೆಂಟ್ ಹೋದರೆ? ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ ಎಂದು ಇನ್ನೊಂದು ಕೆಲಸವನ್ನೂ ಮಾಡಿದೆವು. ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲೇ ಕೊಟ್ಟ ಹನ್ನೆರಡು ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಅದು ಹುಟ್ಟುಮಚ್ಚೆಯ ಹಾಗೆ, ಅದಕ್ಕೆ ಮ್ಯಾಕ್ ವಿಳಾಸ ಎನ್ನುತ್ತಾರೆ. ಮಾಹಿತಿ ಹಾಳೆಯಲ್ಲಿ ಅದೂ ಇತ್ತು. ರೌಟರಿನ ಪುಟದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಎಂಬ ಜಾಗ ಹುಡುಕಿ, ‘ಈ ಮಚ್ಚೆಯವನು ಬಂದರೆ ಎಂಟನೇ ರೂಮನ್ನೇ ಕೊಡು, ಬೇರೆಯವರಿಗೆ ಕೊಡಬೇಡ’ ಎಂದು ಬರೆಸಿದೆವು. ರೌಟರಿನ ಪುಟ ತೆರೆಯುವ ವಿಳಾಸವೂ ಪಾಸ್‌ವರ್ಡೂ ಸಾಮಾನ್ಯವಾಗಿ ಅದರ ತಳದ ಚೀಟಿಯಲ್ಲಿ ಇರುತ್ತವೆ. ಮಕ್ಕಳೇ, ಮನೆಯ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಇದನ್ನು ಮಾಡಿ.

ನಿಮ್ಮ ಮನೆಯ ಪ್ರಿಂಟರಿಗೆ ವೈಫೈ ಇಲ್ಲದಿರಬಹುದು. ಒಂದು ಕಂಪ್ಯೂಟರಿಗೆ ತಂತಿಯಿಂದ ಕಟ್ಟಿ, ಅದರ ಮೂಲಕ ಇನ್ನೊಂದಕ್ಕೆ ಹಂಚಿರಬಹುದು. ಆಗ ತಂತಿ ಇರುವ ಕಂಪ್ಯೂಟರ್ ಎಚ್ಚರ ಇರಬೇಕು, ಅದು ಮಲಗಿದರೆ ಪ್ರಿಂಟರೂ ಮಲಗಿದಂತೆ. ವಿಂಡೋಸ್ ಆದರೆ ಮನೆಯ ವೈಫೈಯನ್ನು ‘ಪ್ರೈವೇಟ್’ ಎಂದು ಆರಿಸಿರಬೇಕು, ಪ್ರಿಂಟರ್ ಹಂಚಿಕೆಗೆ ಒಪ್ಪಿಗೆ ಕೊಟ್ಟಿರಬೇಕು. ‘ಪಬ್ಲಿಕ್’ ಎಂದಿದ್ದರೆ ಕಂಪ್ಯೂಟರ್ ಸಂತೆಯಲ್ಲಿ ನಿಂತವರಂತೆ ಗಂಟು ಬಿಗಿಹಿಡಿದು ಯಾರಿಗೂ ಏನೂ ಕೊಡುವುದಿಲ್ಲ. ರೈಲ್ವೆ ನಿಲ್ದಾಣದ ವೈಫೈಗೆ ಅದೇ ಸರಿ. ಇನ್ನೊಂದು ಮಾತು. ಕೆಲವು ರೌಟರುಗಳು ಅತಿಥಿಗಳಿಗೆಂದು ಬೇರೆ ಹೆಸರಿನ ವೈಫೈ ಕೊಡುತ್ತವೆ. ಕಂಪ್ಯೂಟರ್ ಅದಕ್ಕೆ ಸೇರಿದ್ದರೆ ಮನೆಯ ಪ್ರಿಂಟರ್ ಕಾಣದೇ ಇರಬಹುದು.

ಒಂದು ಪ್ರಿಂಟರನ್ನು ಹಲವರು ಹಂಚಿಕೊಳ್ಳುವ ಆಸೆ ಹೊಸದೇನಲ್ಲ. ನಾವು ‘ಝೆರಾಕ್ಸ್ ಅಂಗಡಿ’ ಎನ್ನುತ್ತೇವಲ್ಲ, ಆ ಝೆರಾಕ್ಸ್ ಒಂದು ಕಂಪನಿಯ ಹೆಸರು. ಕ್ಯಾಲಿಫೋರ್ನಿಯಾದಲ್ಲಿದ್ದ ಅದರ ಸಂಶೋಧನಾ ಕೇಂದ್ರದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ 1971ರಲ್ಲಿ ಲೇಸರ್ ಪ್ರಿಂಟರ್ ಮಾಡಿದರು. ಅಲ್ಲಿನ ಅನೇಕ ಕಂಪ್ಯೂಟರುಗಳನ್ನು ಒಂದಕ್ಕೊಂದು ಕಟ್ಟಬೇಕು, ಆ ಪ್ರಿಂಟರ್ ಎಲ್ಲಕ್ಕೂ ಸಿಗಬೇಕು ಎಂದು ಬಾಬ್ ಮೆಟ್‌ಕಾಫ್ ಯೋಚಿಸಿದರು. ತಮ್ಮ ಯೋಜನೆಯನ್ನು ಅವರು ಬರೆದು ಕೊಟ್ಟದ್ದು 1973ರ ಮೇ 22ರಂದು. ಅದೇ ಈಥರ್‌ನೆಟ್. ನಿಮ್ಮ ರೌಟರಿನ ಹಿಂದೆ ತಂತಿ ಚುಚ್ಚುವ ಚೌಕಾಕಾರದ ತೂತುಗಳು ಇಂದಿಗೂ ಅದಕ್ಕಾಗಿಯೇ ಇವೆ.

ಆ ರಾತ್ರಿ ಹತ್ತೂವರೆಗೆ ಮೊಮ್ಮಗ ನೆತ್ತಿಯ ಮೇಲಿದ್ದ ನನ್ನ ಚೀಟಿ ಕಿತ್ತು ನನ್ನ ಕೈಗಿಟ್ಟ. ಬಾಯಲ್ಲಿ ಏನೂ ಹೇಳಲಿಲ್ಲ.

“ತಪ್ಪು ನಂದ ಆತಪಾ. ಕೇಳದ ಬೈದೆ” ಎಂದೆ ನಾನು.

“ಇರ್ಲಿ ಬಿಡು ತಾತ” ಎಂದು ನಕ್ಕ. ಆಮೇಲೆ ಹೊಸ ಚೀಟಿಯಲ್ಲಿ 192.168.1.8 ಎಂದು ದುಂಡಗೆ ಬರೆದು, ಕೆಳಗೆ ‘ರಿಸರ್ವ್ ಮಾಡಿದೆ’ ಎಂದು ಸೇರಿಸಿ, ತಾರೀಖು ಹಾಕಿ ಅಂಟಿಸಿದ. ನನ್ನ ಚೀಟಿಯಲ್ಲಿ ತಾರೀಖೇ ಇರಲಿಲ್ಲ!

ಈ ವಾರದ ಕೆಲಸ: ತಾತ, ಅಜ್ಜಿ, ಮೊಮ್ಮಕ್ಕಳು ಸೇರಿ ನಿಮ್ಮ ಮನೆಯ ಪ್ರಿಂಟರಿನ ಮಾಹಿತಿ ಹಾಳೆ ತೆಗೆಯಿರಿ. ಅದರ ಹೆಸರು, ನಂಬರು, ಮಚ್ಚೆ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ಪ್ರಿಂಟರ್ ಇಲ್ಲದವರು ಟಿವಿಯದೋ ಮೊಬೈಲಿನದೋ ಐಪಿ ವಿಳಾಸ ಹುಡುಕಿ. ಮುಂದೆ ಯಾವತ್ತಾದರೂ ಏನಾದರೂ ಕೆಟ್ಟರೆ ‘ಯಾರು ಕೆಡಿಸಿದರು?’ ಎಂದು ಕೇಳುವ ಮೊದಲು ‘ಐದನೇ ನಂಬರಿನಲ್ಲಿ ಯಾರಿದ್ದಾರೆ?’ ಎಂದು ಕೇಳಿ. ಬೈಗುಳಕ್ಕೆ ಅಲ್ಲಿಯ ತನಕ ರಜೆ ಇರಲಿ.