ನೋವಿಲ್ಲದ ‘ಸಾರಿ’

ಹೊಳೆನರಸೀಪುರದ ಒಂದು ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡ ಮೂರನೆಯ ದಿನ ನಾನು ಅಲ್ಲಿಗೆ ಹೋಗಿದ್ದೆನು. ಹಾಸನದಿಂದ ಬಂದಿದ್ದ ವಿದ್ಯಾವಂತ ತರುಣನೊಬ್ಬನು ಮೃತರ ಪತ್ನಿಯ ಮುಂದೆ ತಲೆ ತಗ್ಗಿಸಿ ನಿಂತು, “ಸಾರಿ, ಅಜ್ಜಿ” ಎಂದನು. ಆ ವೃದ್ಧೆ ಸೆರಗಿನಿಂದ ಕಣ್ಣೊರೆಸಿಕೊಂಡು, “ನೀನೇನು ತಪ್ಪು ಮಾಡಿದೆಯಪ್ಪ?” ಎಂದು ಕೇಳಿದರು. ಹುಡುಗನಿಗೆ ಉತ್ತರ ತೋಚಲಿಲ್ಲ. ಅವನ ದುಃಖ ಸುಳ್ಳಲ್ಲ. ದುಃಖಕ್ಕೆ ಮಾತು ಇರಲಿಲ್ಲ, ಅಷ್ಟೆ.

ಈ ಪದದ ವಿಷಯದಲ್ಲಿ ನಮ್ಮಲ್ಲಿ ಎರಡು ಪಕ್ಷಗಳಿವೆ. ಪರಭಾಷೆಯದಾದುದರಿಂದ ಇದನ್ನು ಹೊರಗಟ್ಟಬೇಕೆಂಬುದು ಒಂದು ಪಕ್ಷ. ಕನ್ನಡದಲ್ಲಿ ಇದಕ್ಕೆ ಸಮಾನವಾದ ಪದವೇ ಇಲ್ಲ, ಕ್ಷಮೆ ಬೇಡುವ ಸೌಜನ್ಯವನ್ನು ನಮಗೆ ಕಲಿಸಿದ್ದೇ ಇಂಗ್ಲಿಷು ಎಂಬುದು ಇನ್ನೊಂದು. ಇಬ್ಬರೂ ಪದದ ಹುಟ್ಟನ್ನು ವಿಚಾರಿಸಿದವರಲ್ಲ.

ಹಳೆಯ ಇಂಗ್ಲಿಷಿನಲ್ಲಿ ‘ಸಾರ್’ ಎಂದರೆ ನೋವು. ‘ಸಾರಿಗ್’ ಎಂದರೆ ನೊಂದವನು. ಹುಣ್ಣಿಗೆ ಇಂದು ಹೇಳುವ ‘ಸೋರ್’ ಎಂಬುದೂ ಅದೇ ಮೂಲದ್ದು. ದುಃಖವೆಂಬರ್ಥದ ‘ಸಾರೋ’ ಎಂಬ ಪದ ಬೇರೆ ಮನೆತನದ್ದಾದರೂ, ಅದರ ಸಹವಾಸದಿಂದ ಇದರ ರೂಪವೂ ಕೊಂಚ ಬದಲಾಯಿತು. ಆದುದರಿಂದ ಇಂಗ್ಲಿಷರು ಸಾವಿನ ಮನೆಯಲ್ಲಿ ಈ ಮಾತನ್ನಾಡುವುದು ತಪ್ಪಲ್ಲ. ‘ನಿಮ್ಮ ನೋವಿಗೆ ನಾನೂ ನೊಂದೆ’ ಎಂಬುದೇ ಅದರ ಭಾವ. ತಪ್ಪೊಪ್ಪಿಗೆಗೆ ಆ ಒಂದೇ ಪದವನ್ನು ಬಿಡಿಯಾಗಿ ಎಸೆಯುವ ರೂಢಿ ಅಲ್ಲಿಯೂ ಈಚಿನದು. ಅದೇ ಬಳಗದ ಜರ್ಮನ್ ಪದ ‘ಜೇರ್’ ಇನ್ನೂ ಹೆಚ್ಚು ಸವೆದು, ನೋವೆಲ್ಲ ಹೋಗಿ, ಇಂದು ಬರಿಯ ‘ಬಹಳ’ ಎಂಬ ಅರ್ಥದಲ್ಲಿ ನಿಂತಿದೆ.

ನಾವು ತಂದುಕೊಂಡದ್ದು ಆ ಪದದ ಅರ್ಧವನ್ನು ಮಾತ್ರ. ನೋವನ್ನು ಅಲ್ಲಿಯೇ ಬಿಟ್ಟು, ತಪ್ಪೊಪ್ಪಿಗೆಯನ್ನಷ್ಟೇ ತಂದೆವು. ಅಜ್ಜಿಯ ಪ್ರಶ್ನೆ ಅಜ್ಞಾನದ್ದಲ್ಲ. ಕನ್ನಡದೊಳಕ್ಕೆ ಬಂದ ‘ಸಾರಿ’ಗೆ ಇರುವ ಅರ್ಥವನ್ನೇ ಅವರು ಸರಿಯಾಗಿ ಹಿಡಿದಿದ್ದರು.

ಇನ್ನು ಆ ತಪ್ಪೊಪ್ಪಿಗೆಯಾದರೂ ಎಂಥದು? ಅರಕಲಗೂಡಿನಲ್ಲಿ ಒಂದು ಮನೆಯ ಜಗಲಿಯ ಮೇಲೆ ಹುಡುಗನೊಬ್ಬ ತಂಗಿಯನ್ನು ಹೊಡೆದನು. “ಸಾರಿ ಹೇಳೋ” ಎಂದರು ತಾಯಿ. ಅವನು ಹೇಳಿದನು, ಹೇಳಿ, ಮತ್ತೆ ಹೊಡೆದನು, ಮತ್ತೆ ಹೇಳಿದನು. ಕನ್ನಡದಲ್ಲಿ ಸಾರಿ ಹೇಳುವುದೆಂದರೆ ಡಂಗುರ ಹೊಯ್ದಂತೆ ಹೇಳುವುದು. ಆ ಮಗು ಮಾಡಿದ್ದೂ ಅಷ್ಟೆ. ಸಾರಿ ಸಾರಿ ಹೇಳಿದ ಮಾತ್ರಕ್ಕೆ ಪಶ್ಚಾತ್ತಾಪ ಹುಟ್ಟೀತೆ?

ಸಮಾನಪದವಿಲ್ಲವೆನ್ನುವ ಮಹಾಶಯರಿಗೆ ನನ್ನ ಉತ್ತರವಿಷ್ಟು: ಒಂದು ಪದವಿಲ್ಲ, ನಿಜ, ಏಕೆಂದರೆ ಕನ್ನಡವು ಸಂದರ್ಭಗಳನ್ನು ಬೇರೆ ಬೇರೆಯಾಗಿ ಕಂಡಿದೆ. ಕಾಲು ತಗುಲಿದರೆ ನಮ್ಮವರು ಮಾತೇ ಆಡುವುದಿಲ್ಲ. ತಗುಲಿದವರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ತಪ್ಪು ನಡೆದರೆ ‘ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ’ ಎನ್ನುತ್ತಾರೆ. ತಾಯಿ ಮಗುವಿನ ತಪ್ಪನ್ನು ನುಂಗಿಕೊಂಡಂತೆ ನುಂಗಿಕೊಳ್ಳಿರೆಂದು ಅದರ ತಾತ್ಪರ್ಯ. ‘ಮನ್ನಿಸು’ ಎಂಬ ಒಂದೇ ಕ್ರಿಯಾಪದಕ್ಕೆ ಕ್ಷಮಿಸುವುದು, ಗೌರವಿಸುವುದು ಎಂಬ ಎರಡು ಅರ್ಥಗಳೂ ಇವೆ. ಪರರ ದುಃಖಕ್ಕೆ ‘ಅಯ್ಯೋ, ಹೀಗಾಗಬಾರದಿತ್ತು’ ಎಂಬ ಮಾತಿದೆ. ಮಾತು ಬಾರದಿದ್ದರೆ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳುವ ಪದ್ಧತಿಯಿದೆ.

ಕ್ಷಮಾಯಾಚನೆಯನ್ನು ಇಂಗ್ಲಿಷಿನಿಂದ ಕಲಿತೆವೆನ್ನುವವರು ಚನ್ನರಾಯಪಟ್ಟಣದ ತಾಲ್ಲೂಕನ್ನೇ ನೋಡಿದವರಲ್ಲವೆಂದು ತೋರುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೆಯ ಶತಮಾನದಷ್ಟು ಹಿಂದಿನ ಸಲ್ಲೇಖನ ಶಾಸನಗಳಿವೆ. ಆ ವ್ರತವನ್ನು ಹಿಡಿಯುವವರು ಮೊದಲು ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ, ತಾವೂ ಅವರಿಂದ ಕ್ಷಮೆ ಬೇಡಬೇಕೆಂಬುದು ಜೈನರ ವಿಧಿ. ಭಾದ್ರಪದದ ದಶಲಕ್ಷಣ ಪರ್ವದ ಹತ್ತು ಧರ್ಮಗಳಲ್ಲಿ ಮೊದಲನೆಯದೇ ಉತ್ತಮ ಕ್ಷಮೆ. ನಮ್ಮ ದೇಶಕ್ಕೆ ಇಂಗ್ಲಿಷು ವಿದ್ಯೆಯೇ ಬೇಕೆಂದು ಮೆಕಾಲೆ ಟಿಪ್ಪಣಿ ಬರೆದದ್ದು ೧೮೩೫ರಲ್ಲಿ. ಯಾವುದು ಮೊದಲೆಂಬುದನ್ನು ವಾಚಕರೇ ತೀರ್ಮಾನಿಸಲಿ.

ಒಂದು ವಿನೋದವನ್ನೂ ಇಲ್ಲಿ ಹೇಳಬೇಕು. ೨೦೧೬ರಲ್ಲಿ ಆಕ್ಸ್‌ಫರ್ಡಿನ ಮಹಾನಿಘಂಟು, ದಕ್ಷಿಣ ಭಾರತದವರೂ ಸಿಂಹಳದವರೂ ಆಡುವ ‘ಅಯ್ಯೋ’ವನ್ನು ಇಂಗ್ಲಿಷ್ ಶಬ್ದಗಳ ಸಾಲಿಗೆ ಸೇರಿಸಿಕೊಂಡಿತು. ದುಃಖವನ್ನೂ ಕಳವಳವನ್ನೂ ಹೇಳಲು ಯೋಗ್ಯವಾದ ಶಬ್ದವೆಂದು ಪರರು ನಮ್ಮ ಉದ್ಗಾರವನ್ನು ಬರಮಾಡಿಕೊಂಡರು. ನಾವಾದರೋ ಅದನ್ನು ಹಳ್ಳಿಯವರ ಮಾತೆಂದು ಮಕ್ಕಳ ಬಾಯಿಂದ ಬಿಡಿಸುತ್ತಿದ್ದೇವೆ.

ಪದವನ್ನು ಗಡೀಪಾರು ಮಾಡಿರೆಂದು ನಾನು ಹೇಳುವುದಿಲ್ಲ. ಬಸ್ಸಿನ ನೂಕುನುಗ್ಗಲಿನಲ್ಲಿ ‘ಸಾರಿ’ ಇರಲಿ; ಅಲ್ಲಿ ಅದಕ್ಕಿಂತ ಹೆಚ್ಚಿನದನ್ನು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಒಡಹುಟ್ಟಿದವರಲ್ಲಿ ಜಗಳವಾದಾಗ, ತಂದೆ ಮಗನಿಗೆ ಅನ್ಯಾಯ ಮಾಡಿದಾಗ, ನೆರೆಮನೆಯಲ್ಲಿ ಸಾವಾದಾಗ, ಆ ಎರಡಕ್ಷರಗಳಿಂದ ಋಣ ತೀರಿತೆಂದು ಎಣಿಸಬಾರದು. ‘ತಪ್ಪಾಯಿತು’ ಎನ್ನುವವನು ತಪ್ಪನ್ನು ಹೆಸರಿಸಲೇಬೇಕು. ನಾಲಗೆ ತಡವರಿಸುವುದೂ ಅದಕ್ಕಾಗಿಯೇ. ಆ ತಡವರಿಕೆಯನ್ನು ತಪ್ಪಿಸಿಕೊಳ್ಳಲೆಂದೇ ಬಹುಮಂದಿ ‘ಸಾರಿ’ಯ ಮರೆಗೆ ಓಡುತ್ತಾರೆ.

ಹೊಳೆನರಸೀಪುರದ ಆ ಹುಡುಗನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನು ಅಜ್ಜಿಯ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು, “ತಾತ ನನಗೆ ಮಗ್ಗಿ ಹೇಳಿಕೊಟ್ಟಿದ್ದರು” ಎಂದನು. ಆಗ ಅವರಿಬ್ಬರೂ ಅತ್ತರು.