ಹೊಲಕ್ಕೆ ಇಳಿದ ಪೈಲಟ್‌ಗೆ ಬೈಯಬ್ಯಾಡ್ರಿ

ಎರಡು ದಿನದಿಂದ ಜಿಟಿಜಿಟಿ ಮಳೆ, ಎಡೆ ಹೊಡಿಯಾಕ ಹದ ಇಲ್ಲ. ಹಾಗಾಗಿ ಇವತ್ತು ಬೆಳೆ ವಿಷಯ ಬಿಟ್ಟು ಬೇರೆ ಒಂದು ಬರೀತೀನಿ. ಉದ್ದ ಆಗ್ತೈತಿ, ಪುರಸೊತ್ತು ಇದ್ದವರು ಓದ್ರಿ.

ಮೊನ್ನೆ ಚಹಾದ ಅಂಗಡ್ಯಾಗ ಕುಂತಿದ್ವಿ. ಸಾಂಬ್ರಾ ಕಡೆಯ ತರಬೇತಿ ವಿಮಾನ ಒಂದು ತಲೆ ಮೇಲೆ ಹಾದು ಹೋಯ್ತು. ಅದನ್ನು ನೋಡಿ ಹಳೇ ಮಾತು ಮತ್ತ ಎದ್ದಿತು. 2023ರ ಮೇ 30ಕ್ಕೆ ಅಲ್ಲಿಂದ ಹಾರಿದ ಇಂಥದ್ದೇ ವಿಮಾನ ತಾಂತ್ರಿಕ ತೊಂದರೆಯಾಗಿ ಹೊನ್ನಿಹಾಳ ಹತ್ತಿರ ಹೊಲಕ್ಕೆ ಇಳೀತಲ್ರಿ. ಕಲಿಸುವವರು, ಕಲಿಯುವವರು ಇಬ್ಬರೂ ಸಣ್ಣಪುಟ್ಟ ಗಾಯದಾಗ ಪಾರಾದ್ರು. ಅಂಗಡ್ಯಾಗ ಒಬ್ಬರು ಅಂದ್ರು, “ವಿಮಾನ ನಿಲ್ದಾಣ ಅಷ್ಟು ಹತ್ರ ಇರೂವಾಗ ರೈತನ ಹೊಲಾನ ಬೇಕಾಗಿತ್ತೇನು? ಅರೆಬರೆ ಕಲ್ತ ಹುಡುಗರು.” ಇನ್ನೊಬ್ಬರು, “ಹೊಲ ಬಿಟ್ಟು ರೋಡಿಗರೆ ಇಳಸಬೇಕಿತ್ತು” ಅಂದ್ರು.

ನಾನೂ ಮೊದಲು ಹಿಂಗ ಮಾತಾಡಿದವನೇ. ಆಮೇಲೆ ಇಂಜಿನಿಯರಿಂಗ್ ಓದುವ ನಮ್ಮ ತಮ್ಮನ ಮಗಳು, ಅಮೆರಿಕದ ವಿಮಾನಯಾನ ಇಲಾಖೆ ಪೈಲಟ್‌ಗಳಿಗೆ ಬರೆಸಿದ ಪಾಠದ ಪುಸ್ತಕವನ್ನು ಮೊಬೈಲಿನಾಗ ತೆಗೆದು ಕನ್ನಡದಾಗ ಬಿಡಿಸಿ ಹೇಳಿದಳು. ಇಂಜಿನ್ ಬಂದಾಗಿ ಹೊಲಕ್ಕೆ ಇಳಿದು ಬದುಕಿದ ಪೈಲಟ್‌ಗಳ ವಿಡಿಯೊನೂ ತೋರಿಸಿದಳು. ಈಗ ನನ್ನ ಅಭಿಪ್ರಾಯ ಪೂರ್ತಿ ಬದಲಾಗೈತಿ.

ಮೊದಲನೇದು, ಇಂಜಿನ್ ಬಂದಾದ ಕೂಡಲೇ ವಿಮಾನ ಕಲ್ಲಿನಂಗ ಬೀಳೂದಿಲ್ಲ, ಹದ್ದಿನಂಗ ತೇಲಿಕೊಂಡು ಇಳೀತೈತಿ. ತರಬೇತಿಗೆ ಬಹಳ ಕಡೆ ಬಳಸುವ ಸೆಸ್ನಾ 172 ಅಂತ ನಾಲ್ಕು ಸೀಟಿನ ವಿಮಾನ ಸಾವಿರ ಅಡಿ ಎತ್ತರದಿಂದ ಹೆಚ್ಚು ಕಡಿಮೆ ಎರಡೂವರೆ ಕಿಲೋಮೀಟರ್ ತೇಲಬಲ್ಲದು. ಸಮಯ ಅಂದ್ರ ಸುಮಾರು ಒಂದೂವರೆ ನಿಮಿಷ. ಅಷ್ಟರೊಳಗ ಗಾಳಿ ಎತ್ತ ಐತಿ ನೋಡಬೇಕು, ಹೊಲ ಆರಿಸಬೇಕು, ಇಂಜಿನ್ ಮತ್ತ ಹತ್ತತೈತೇನು ನೋಡಬೇಕು, ರೇಡಿಯೊದಾಗ ಹೇಳಬೇಕು, ಕಡೀಗೆ ಪೆಟ್ರೋಲ್ ಬಂದ್ ಮಾಡಿ, ಕರೆಂಟ್ ಬಂದ್ ಮಾಡಿ, ಬಾಗಿಲ ಚಿಲಕ ತೆಗೆದು ಇಟ್ಟುಕೋಬೇಕು. ನೆಲಕ್ಕೆ ಬಡಿದಾಗ ಚೌಕಟ್ಟು ಸೊಟ್ಟಾಗಿ ಬಾಗಿಲು ಸಿಕ್ಕೊಂಡ್ರ ಒಳಗೇ ಉಳೀತಾರ, ಅದಕ್ಕ. ನಮಗ ಒಂದೂವರೆ ನಿಮಿಷದಾಗ ಮೋಟರ್ ಸ್ಟಾರ್ಟರ್‌ನ ಫ್ಯೂಜ್ ಹಾಕೂದು ಆಗೂದಿಲ್ಲ.

“ಹತ್ರ ಇದ್ದ ನಿಲ್ದಾಣಕ್ಕ ಯಾಕ ಹೋಗಲಿಲ್ಲ” ಅನ್ನುವ ಪ್ರಶ್ನೆಗೂ ಉತ್ತರ ಐತಿ. ಈಗಷ್ಟೇ ಮೇಲಕ್ಕೆದ್ದ ವಿಮಾನದ ಇಂಜಿನ್ ನಿಂತರೆ ತಿರುಗಿ ರನ್‌ವೇಗೆ ಬರಬೇಕು ಅಂತ ಎಲ್ಲರಿಗೂ ಅನಿಸ್ತೈತಿ. ಆದ್ರ ತಿರುಗುವುದರಾಗೇ ಎತ್ತರ ಖರ್ಚಾಗ್ತೈತಿ. ಗಾಬರಿಯಾಗಿ ಜೋರಾಗಿ ವಾಲಿಸಿದರೆ ರೆಕ್ಕೆ ಹಿಡಿತ ತಪ್ಪಿ ಮೂತಿ ಕೆಳಗಾಗಿ ಬೀಳ್ತೈತಿ. ಹಿಂಗ ತಿರುಗಲಿಕ್ಕೆ ಹೋಗಿ ಸತ್ತ ಪೈಲಟ್‌ಗಳು ಬಹಳ ಮಂದಿ. ಅದಕ್ಕೇ ಎತ್ತರ ಕಡಿಮೆ ಇದ್ದಾಗ ನೇರ ಮುಂದೆ, ಸ್ವಲ್ಪ ಎಡಕ್ಕೋ ಬಲಕ್ಕೋ ಏನು ಸಿಗ್ತೈತೋ ಅಲ್ಲೇ ಇಳಿಸು ಅಂತ ಕಲಿಸ್ತಾರ. ಹೊಲ ಆರಿಸಿದವನು ಹೆದರಿದವನಲ್ಲ, ಪಾಠ ನೆನಪಿಟ್ಟವನು.

ಇನ್ನು ರೋಡು. ನಮ್ಮ ರೋಡ್ ಹೆಂಗದಾವು ನಿಮಗೇ ಗೊತ್ತು. ಎರಡೂ ಕಡೆ ಕರೆಂಟ್ ಕಂಬ, ನಡುವೆ ಬೈಕು, ಕಬ್ಬಿನ ಟ್ರ್ಯಾಕ್ಟರ್, ಶಾಲೆ ಮಕ್ಕಳು. ಸಾಯೂದು ತಾನೊಬ್ಬನೇ ಅಲ್ಲ.

ಈಗ ನಮ್ಮ ವಿಷಯಕ್ಕೆ ಬರ್ತೀನಿ, ಇದು ನನಗ ಬಹಳ ಹಿಡಿಸಿತು. ಪೈಲಟ್ ಮೇಲಿನಿಂದ ಹೊಲ ನೋಡುವ ರೀತಿ ನಾವು ಲಾವಣಿ ಹಿಡಿಯುವಾಗ ನೋಡಿದ ಹಾಗೇ ಐತಿ. ರೆಂಟೆ ಹೊಡೆದ ಹೊಲ ಇದ್ದರೆ ಸಾಲಿನ ಗುಂಟ ಇಳಿಸಬೇಕು. ಸಾಲಿಗೆ ಅಡ್ಡ ಇಳಿಸಿದರೆ ಮುಂದಿನ ಗಾಲಿ ಸಾಲಿನಾಗ ಸಿಕ್ಕು ವಿಮಾನ ಪಲ್ಟಿ ಹೊಡೀತೈತಿ. ನೀರು ಕಟ್ಟಿದ ಭತ್ತದ ಗದ್ದೆ, ಮಳೆ ಹಿಡಿದ ಎರೆ ಹೊಲ ಇವೂ ಹಂಗೇ, ಗಾಲಿ ಹುಗಿದರೆ ಮುಗೀತು. ಬೆಳೆದು ನಿಂತ ಗೋವಿನಜೋಳ ಒಳ್ಳೇದಂತ! ದಟ್ಟ ಬೆಳೆ ಹಾಸಿಗೆ ಇದ್ದಂಗ, ವಿಮಾನವನ್ನು ಹಿಡಿದು ನಿಲ್ಲಿಸ್ತೈತಿ ಅಂತ ಆ ಪುಸ್ತಕದಾಗೇ ಐತಿ. ಮೇ ಕಡೆಗೆ ನಮ್ಮ ಹೊಲ ಬಹಳಷ್ಟು ಹರಗಿ ಖಾಲಿ ಇರ್ತಾವು, ಆಗಸ್ಟ್‌ನಾಗ ಅದೇ ಹೊಲ ಕೆಸರು. ತಿಂಗಳು ಬದಲಾದ್ರ ಪೈಲಟ್‌ನ ಲೆಕ್ಕಾನೂ ಬದಲಾಗ್ತೈತಿ.

ಗಾಳಿದೂ ಹಂಗೇ. ರಾಶಿ ತೂರುವವನಿಗೆ ಗಾಳಿ ಗೊತ್ತಿರಬೇಕು, ಇಳಿಸುವವನಿಗೂ ಗೊತ್ತಿರಬೇಕು. ವಿಮಾನ ಗಂಟೆಗೆ 80 ಕಿಲೋಮೀಟರ್ ವೇಗದಾಗ ಇಳಿಯೂದಾದ್ರ, 20ರ ಗಾಳಿಗೆ ಎದುರಾಗಿ ಇಳಿದರೆ ನೆಲಕ್ಕೆ ತಾಗುವ ವೇಗ 60. ಗಾಳಿ ಬೆನ್ನಿಗಿದ್ದರೆ 100. ಪೆಟ್ಟು ವೇಗದ ಲೆಕ್ಕದಂಗ ಏರೂದಿಲ್ಲ, ವೇಗದ ವರ್ಗದಂಗ ಏರ್ತೈತಿ. ಅಂದ್ರ ಹೆಚ್ಚು ಕಡಿಮೆ ಮೂರು ಪಟ್ಟು. (ಎಸ್ಸೆಸ್ಸೆಲ್ಸಿ ಗಣಿತ ಇಷ್ಟು ವರ್ಷದ ಮೇಲೆ ಉಪಯೋಗ ಆತು ನೋಡ್ರಿ.) ಅದಕ್ಕ ಅವರು ಮೇಲಿನಿಂದ ಹೊಗೆ ಹುಡುಕ್ತಾರ, ಧೂಳು ಹುಡುಕ್ತಾರ, ಬೆಳೆ ಯಾವ ಕಡೆ ಬಾಗೇತಿ ನೋಡ್ತಾರ. ರವದಿ ಸುಡಬ್ಯಾಡ್ರಿ ಅಂತ ನಾನು ಇದೇ ಪೇಜಿನಾಗ ಎಷ್ಟು ಸಲ ಬರೆದೀನಿ, ಅದೊಂದು ಹೊಗೆ ಇವರಿಗೆ ಮಾತ್ರ ಲಾಭ.

ಇನ್ನೊಂದು ಲೆಕ್ಕ. 80 ಕಿಲೋಮೀಟರ್ ವೇಗದಾಗಿದ್ದ ವಿಮಾನ ಬರೇ 9 ಅಡಿಯಷ್ಟರಾಗ ಸಮನಾಗಿ ನಿಂತರೂ, ಬೆಲ್ಟ್ ಬಿಗಿಯಾಗಿದ್ದರೆ ಮನುಷ್ಯ ಬದುಕಬಹುದಂತ. 160 ವೇಗ ಇದ್ದರೆ ಅದಕ್ಕೇ 38 ಅಡಿ ಬೇಕು. ಅಂದ್ರ ದೊಡ್ಡ ಹೊಲ ಇಲ್ಲ ಅಂತ ಅಳೂದು ಬ್ಯಾಡ, ವೇಗ ಕಡಿಮೆ ಇರಬೇಕು. ನಮ್ಮಂಥವರ ಎರಡು ಎಕರೆ ಚೌಕ ಹೊಲ ಒಂದು ಬದಿಗೆ 300 ಅಡಿಯೂ ಇರೂದಿಲ್ಲ, ಆ ಕಡೆ ಒಡ್ಡು ಇದ್ದೇ ಇರ್ತೈತಿ. ಆದ್ರೂ ಬದುಕಬಹುದು. ಗಿಡ ಅಡ್ಡ ಬಂದರೆ ಮೂತಿ ಎರಡು ಗಿಡದ ನಡುವೆ ತೂರಿಸಿ ರೆಕ್ಕೆ ಮುರಿಯಲಿಕ್ಕೆ ಬಿಡು ಅಂತಾರ. ಪೆಟ್ಟನ್ನು ರೆಕ್ಕೆ ತಿಂದರೆ ಒಳಗಿನವರು ಉಳೀತಾರ.

ಇಲ್ಲೇ ಮುಖ್ಯ ಮಾತು. ಪೈಲಟ್‌ಗಳನ್ನು ಕೊಲ್ಲುವ ಎರಡು ತಪ್ಪು ಕೈಯಾಗ ಇಲ್ಲ, ತಲೆಯಾಗ ಅದಾವು ಅಂತ ಆ ಪುಸ್ತಕ ಹೇಳ್ತೈತಿ. ಒಂದು, ಇಂಜಿನ್ ನಿಂತೇತಿ ಅಂತ ಒಪ್ಪಲಿಕ್ಕೆ ತಡ ಮಾಡೂದು. ಇನ್ನೊಂದು, ವಿಮಾನ ಉಳಿಸಬೇಕು ಅನ್ನುವ ಆಸೆ. ವಿಮಾನ ಹಾಳಾಗಬಾರದು ಅಂತ ಇದಕ್ಕಿಂತ ಚಲೋ ಹೊಲ ಹುಡುಕುತ್ತಾ ಹೋಗಿ, ಇದ್ದ ಹೊಲವೂ ದಾಟಿ ಹೋಗ್ತೈತಿ.

ಇದನ್ನು ಕೇಳಿ ನಾನು ಸುಮ್ಮನಾಗಿಬಿಟ್ಟೆ. ಹಳೇ ಓದುಗರಿಗೆ ನನ್ನ ಎಡಗಾಲಿನ ಕತೆ ಗೊತ್ತು. ಕಬ್ಬು ತುಂಬಿದ ಟ್ರೇಲರ್ ಇಳಿಜಾರಿನಾಗ ಟ್ರ್ಯಾಕ್ಟರ್ ಹಿಂದಕ್ಕೆ ಜಗ್ಗಿತು. ಜಿಗಿಯಲಿಕ್ಕೆ ಸಮಯ ಇತ್ತು, ಖರೇ ಹೇಳ್ತೀನಿ, ಇತ್ತು. ಸಾಲದ ಟ್ರ್ಯಾಕ್ಟರ್, ಇನ್ನೂ ಕಂತು ಬಾಕಿ ಅಂತ ಸ್ಟೇರಿಂಗ್ ಬಿಡಲಿಲ್ಲ. ಟ್ರ್ಯಾಕ್ಟರೂ ಹೋಯ್ತು, ಕಾಲಿಗೆ ರಾಡೂ ಬಂತು. ಹಿಂಗಾಗಿ ಕೋಟಿಗಟ್ಟಲೆ ಬೆಲೆಯ ಸಾಮಾನು ಹೋದ್ರ ಹೋಗಲಿ ಅಂತ ಒಂದೂವರೆ ನಿಮಿಷದಾಗ ನಿರ್ಧಾರ ಮಾಡಿದವರನ್ನು ಹುಡುಗಾಟದ ಹುಡುಗರು ಅಂತ ಅನ್ನಲಿಕ್ಕೆ ನನಗ ಬಾಯಿ ಬರೂದಿಲ್ಲ. 2022ರ ಜುಲೈ 25ಕ್ಕೆ ಪುಣೆ ಜಿಲ್ಲೆ ಇಂದಾಪುರ ತಾಲೂಕಿನಾಗ ಒಬ್ಬಳೇ ಹಾರಿಸುತ್ತಿದ್ದ ಕಲಿಯುವ ಹುಡುಗಿ ಹೊಲಕ್ಕೆ ಬಿದ್ದು ಸಣ್ಣ ಗಾಯದಾಗ ಉಳಿದಳು. 2016ರ ಮೇದಾಗ ಪಾಟ್ನಾದಿಂದ ರೋಗಿಯನ್ನು ದಿಲ್ಲಿಗೆ ಒಯ್ಯುತ್ತಿದ್ದ ಸಣ್ಣ ಏರ್ ಆಂಬ್ಯುಲೆನ್ಸ್‌ನ ಎರಡೂ ಇಂಜಿನ್ ನಿಂತು ನಜಫ್‌ಗಢದ ಹೊಲಕ್ಕೆ ಇಳೀತು. ಏಳು ಮಂದಿ, ಏಳೂ ಮಂದಿ ಬದುಕಿದರು.

“ಮತ್ತ ಬೆಳೆ ಹಾನಿ?” ಅಂತ ಕೇಳ್ತೀರಿ. ಕೇಳಬೇಕು. ಬೆಳೆ ಹಾಳಾದ್ರ, ಜನ ತುಳಿದ್ರ, ಕ್ರೇನ್ ಬಂದು ಹೊಲ ಗಟ್ಟಿ ಮಾಡಿದ್ರ ವಿಮಾನದವರು ಪರಿಹಾರ ಕೊಡಲೇಬೇಕು ಅಂತ ನನ್ನ ಅಭಿಪ್ರಾಯ. 2023ರಾಗ ರಷ್ಯಾದ ನೊವೊಸಿಬಿರ್ಸ್ಕ್ ಹತ್ತಿರ ದೊಡ್ಡ ಪ್ರಯಾಣಿಕರ ವಿಮಾನವೇ ಗೋಧಿ ಸೀಮೆಯ ಹೊಲದಾಗ ಇಳೀತು, ಎಲ್ಲರೂ ಉಳಿದರು. ವಿಮಾನ ಹೊಲದಾಗೇ ನಿಂತಿರಬೇಕಾಯ್ತು ಅಂತ ಕಂಪನಿಯವರು ಆ ಹೊಲವನ್ನೇ ಲಾವಣಿ ಹಿಡಿದರು. ಹಂಗ ಆಗಲಿ. ಅದು ಕಂಪನಿ ಜೋಡಿ ಮಾಡುವ ಜಗಳ, ಹಣಿಯಾಗ ರಕ್ತ ಸುರಿಯುತ್ತಾ ಕುಂತ ಹುಡುಗನ ಜೋಡಿ ಮಾಡೂದಲ್ಲ.

ನಮ್ಮ ಮ್ಯಾಲೆ ದಿನಾ ಹಾರ್ತಾವು, ಹಂಗಾಗಿ ಇಷ್ಟು ತಿಳಕೊಂಡಿರೂದು ಬೇಕು. ವಿಮಾನ ಬಿದ್ದರೆ ಮೊದಲು 112ಕ್ಕೆ ಫೋನ್ ಹಚ್ಚ್ರಿ. ಬೀಡಿ ಸಿಗರೇಟ್ ದೂರ, ರೆಕ್ಕೆಯೊಳಗೇ ಪೆಟ್ರೋಲ್ ಇರ್ತೈತಿ. ಪಂಖಾದ ಮುಂದ ಹೋಗಬ್ಯಾಡ್ರಿ, ನಿಂತಿದ್ದರೂ ಕೈಯಿಂದ ಮುಟ್ಟಬ್ಯಾಡ್ರಿ. ಬೆಂಕಿ ಅಥವಾ ಹೊಗೆ ಇದ್ದರೆ ಒಳಗಿನವರನ್ನು ಕೂಡಲೇ ಜಗ್ಗಿ ಹೊರಗ ತರಬೇಕು. ಇಲ್ಲದಿದ್ದರೆ ಕುತ್ತಿಗೆ ಅಲುಗಾಡಿಸದಂಗ ನೋಡಿಕೊಂಡು ಆಂಬ್ಯುಲೆನ್ಸ್ ಬರೂತನಕ ಮಾತಾಡಿಸುತ್ತಾ ಇರ್ರಿ. ಜನರನ್ನು ಬದುಕಿಸಲಿಕ್ಕೆ, ಬೆಂಕಿ ತಡೆಯಲಿಕ್ಕೆ ಬಿಟ್ಟು ಬೇರೆ ಯಾವುದಕ್ಕೂ ವಿಮಾನದ ಒಂದು ತುಂಡನ್ನೂ ಸರಿಸುವ ಹಂಗಿಲ್ಲ, ತನಿಖೆ ಆಗುವತನಕ ಅದು ಕಾನೂನು. ನೆನಪಿಗೆ ಇರಲಿ ಅಂತ ನಟ್ಟು ಬೋಲ್ಟು ಕಿಸೆಗೆ ಹಾಕೊಂಡ್ರ ಇಂಜಿನ್ ಯಾಕ ನಿಂತಿತ್ತು ಅನ್ನೂದೇ ಗೊತ್ತಾಗೂದಿಲ್ಲ.

ಕಡೀದು, ತಂತಿ. ಮೇಲಿನಿಂದ ಕಂಬ ಕಾಣ್ತಾವು, ತಂತಿ ಕಾಣೂದಿಲ್ಲ. ಇದನ್ನು ವಿಡಿಯೊದಾಗಿನ ಪೈಲಟ್‌ಗಳು ಮತ್ತ ಮತ್ತ ಹೇಳ್ತಾರ. ನಮ್ಮಲ್ಲಿ ಕಂಬವೂ ಇಲ್ಲದಂಗ ಬಡಗಿ ಹುಗಿದು, ಬೇವಿನ ಗಿಡಕ್ಕೆ ಕಟ್ಟಿ ಬೋರಿಗೆ ವಾಯರ್ ಒಯ್ದವರು ಎಷ್ಟು ಮಂದಿ ಇದ್ದೀವಿ? ನನ್ನ ಹೊಲದ ಪಡುವಣ ಒಡ್ಡಿನ ಮ್ಯಾಲೂ ಒಂದು ಐತಿ, ಬೋರ್ ಬತ್ತಿ ನಾಲ್ಕು ವರ್ಷ ಆತು, ವಾಯರ್ ಹಂಗೇ ಜೋತು ಬಿದ್ದೈತಿ. ಮಳೆ ಹೊಳವಾದ ಮ್ಯಾಲೆ ಅದನ್ನು ಇಳಿಸಿ ಸುತ್ತಿ ಇಡವನಿದ್ದೀನಿ. ಏಣಿ ಇದ್ದವರು ಒಂದು ದಿನದ ಮಟ್ಟಿಗೆ ಕೊಡ್ರಿ, ನಂದು ಮುರಿದೈತಿ.